ಸ್ಯಾಂಟೊರಿನಿಯಲ್ಲಿ ಖಾಸಗಿ ಗೈಡ್ ಜೊತೆ ಸುತ್ತಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಸಿಗೆ ಹೊರಟ ನಮ್ಮವರ ಪಟ್ಟಿಯಲ್ಲಿ ಅಥೆನ್ಸ್ ಆದ ಮೇಲೆ ಬರುವ ಹೆಸರು ಸ್ಯಾಂಟೊರಿನಿ. ಹನಿಮೂನಿಗೆ ಹೋಗುವವರು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಲಂಡನ್ನಿನಿಂದಲೋ ಜರ್ಮನಿಯಿಂದಲೋ ನಾಲ್ಕು ದಿನ ರಜೆ ಹಾಕಿ ಬರುವವರು, ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇಷ್ಟು ಚಿಕ್ಕ ದ್ವೀಪ. ಅದಕ್ಕೂ ಗೈಡ್ ಬೇಕಾ?

ಸುಮ್ನೆ ಓಡಾಡಿ, ಫೋಟೊ ತೆಗೆದು, ಊಟ ಮಾಡಿ ಬರುವುದಾದರೆ ಬೇಡ. ದ್ವೀಪದ ವಿಸ್ತೀರ್ಣ ಸುಮಾರು 76 ಚದರ ಕಿಲೋಮೀಟರ್. ಈ ತುದಿಯಿಂದ ಆ ತುದಿಗೆ ಒಂದು ಗಂಟೆಯೊಳಗೆ ಹೋಗಬಹುದು. ಬಸ್ಸೂ ಇದೆ. ಆದರೆ ಎಲ್ಲ ಬಸ್ಸುಗಳೂ ನಡುವೆ ಇರುವ ಫಿರಾ ಊರಿಗೇ ಬಂದು ಹೋಗುತ್ತವೆ. ದಕ್ಷಿಣದಿಂದ ಉತ್ತರಕ್ಕೆ ಹೋಗಬೇಕೆಂದರೆ ಫಿರಾದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಟ್ಯಾಕ್ಸಿಗಳು ತೀರಾ ಕಡಿಮೆ. ಜುಲೈ, ಆಗಸ್ಟಿನಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುತ್ತದೆ ಅಂತ ನಂಬಿಕೊಳ್ಳಬೇಡಿ.

ಗೈಡ್ ಬೇಕಾಗುವುದು ಬೇರೆ ಕಾರಣಕ್ಕೆ. ಈ ದ್ವೀಪವೇ ಒಂದು ಜ್ವಾಲಾಮುಖಿ. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಅದು ಸಿಡಿದು, ಒಳಗಿನ ಶಿಲಾರಸ ಖಾಲಿಯಾಗಿ, ನಡುಭಾಗ ಕುಸಿದು ಸಮುದ್ರ ಒಳಗೆ ನುಗ್ಗಿತು. ಎಲ್ಲರೂ ಫೋಟೊ ತೆಗೆಯುವ ಆ ಕಡಿದಾದ ಬಂಡೆಗೋಡೆ ಆ ಕುಸಿದ ಗುಂಡಿಯ ಅಂಚು. ಅದಕ್ಕೆ ಕಾಲ್ಡೆರಾ ಅಂತಾರೆ. ಬಂಡೆಯಲ್ಲಿ ಕಾಣುವ ಕಪ್ಪು, ಕೆಂಪು, ಬಿಳಿ ಪಟ್ಟೆಗಳು ಬೇರೆ ಬೇರೆ ಕಾಲದ ಸ್ಫೋಟಗಳವು. ಮೇಲಿನ ದಪ್ಪ ಬಿಳಿ ಪದರ ಕೊನೆಯ ಆ ಮಹಾಸ್ಫೋಟದ್ದು. ತಿಳಿದವರು ಪಕ್ಕದಲ್ಲಿ ನಿಂತು ಬೆರಳು ತೋರಿಸಿ ಹೇಳಿದರೆ ಅದೇ ಗೋಡೆ ಬೇರೆಯಾಗಿ ಕಾಣುತ್ತದೆ. ನಾನು ಗೈಡ್ ತಗೊಳ್ಳಿ ಅನ್ನುವುದು ಇದಕ್ಕೆ.

ಡ್ರೈವರ್ ಬೇರೆ, ಗೈಡ್ ಬೇರೆ ಅಂತಾರಲ್ಲ, ಹಾಗಂದರೇನು?

ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಗ್ರೀಸಿನಲ್ಲಿ ಗೈಡ್ ಕೆಲಸಕ್ಕೆ ಸರ್ಕಾರದ ಪರವಾನಗಿ ಬೇಕು. ಇತಿಹಾಸ, ಪುರಾತತ್ವ, ಕಲೆ ಎಲ್ಲ ಓದಿ, ಪರೀಕ್ಷೆ ಪಾಸಾಗಿ, ಪ್ರವಾಸೋದ್ಯಮ ಸಚಿವಾಲಯದ ಗುರುತಿನ ಚೀಟಿ ಪಡೆದವರು ಅವರು. ಉತ್ಖನನ ನಡೆದ ಜಾಗ ಮತ್ತು ಮ್ಯೂಸಿಯಂಗಳ ಒಳಗೆ ನಿಮ್ಮ ಜೊತೆ ನಡೆದು ವಿವರಿಸುವುದು ಅವರ ಕೆಲಸ.

ಆನ್‌ಲೈನಿನಲ್ಲಿ 'ಖಾಸಗಿ ಟೂರ್' ಅಂತ ಸಿಗುವ ಬಹಳಷ್ಟು ಪ್ಯಾಕೇಜುಗಳಲ್ಲಿ ಬರುವವರು ಡ್ರೈವರ್ ಮಾತ್ರ. ಇಂಗ್ಲಿಷ್ ಚೆನ್ನಾಗಿ ಆಡುತ್ತಾರೆ, ಊರಿನವರೇ ಆಗಿದ್ದರೆ ಒಳ್ಳೆಯ ಹೋಟೆಲು, ಗದ್ದಲವಿಲ್ಲದ ಜಾಗ ಎಲ್ಲ ಗೊತ್ತಿರುತ್ತದೆ. ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ಕಥೆ ಹೇಳುತ್ತಾರೆ. ಆದರೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪುರಾತನ ಪಟ್ಟಣ ಅಕ್ರೋತಿರಿಯ ಗೇಟಿನ ಹತ್ತಿರ ನಿಲ್ಲಿಸಿ, "ನೀವು ನೋಡಿಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅನ್ನುತ್ತಾರೆ. ಅದು ಅವರ ಸೋಮಾರಿತನ ಅಲ್ಲ, ಕಾನೂನೇ ಹಾಗಿದೆ. ದ್ವೀಪದ ಅತಿ ಮುಖ್ಯ ಜಾಗದಲ್ಲಿ ನೀವು ಒಬ್ಬರೇ ಫಲಕ ಓದಿಕೊಂಡು ನಿಲ್ಲುತ್ತೀರಿ.

ಹಾಗಾಗಿ ಬುಕ್ ಮಾಡುವ ಮೊದಲು ನೇರವಾಗಿ ಕೇಳಿ: ನಮ್ಮ ಜೊತೆ ಅಕ್ರೋತಿರಿ ಒಳಗೆ ಬರುವವರು ಯಾರು? ಅವರಿಗೆ ಪರವಾನಗಿ ಇದೆಯಾ? ಉತ್ತರ ಬರಹದಲ್ಲಿ ತರಿಸಿಕೊಳ್ಳಿ. 'ಸ್ಥಳೀಯ ತಜ್ಞರು', 'ಅನುಭವಿ ಹೋಸ್ಟ್' ಅಂತೆಲ್ಲ ಉತ್ತರ ಬಂದರೆ ಅದು ಡ್ರೈವರ್ ಅಂತಲೇ ತಿಳಿದುಕೊಳ್ಳಿ.

ಡ್ರೈವರ್ ಟೂರ್ ಕೆಟ್ಟದು ಅಂತ ಖಂಡಿತ ಹೇಳುತ್ತಿಲ್ಲ. ಹಳ್ಳಿ, ಬೀಚು, ಸೂರ್ಯಾಸ್ತ ಸಾಕು ಅನ್ನುವವರಿಗೆ ಅದೇ ಸರಿ, ದುಡ್ಡೂ ಕಡಿಮೆ. ಎರಡರ ನಡುವಿನ ದಾರಿಯೂ ಒಂದಿದೆ. ಇಡೀ ದಿನಕ್ಕೆ ಡ್ರೈವರ್ ಇಟ್ಟುಕೊಂಡು, ಅಕ್ರೋತಿರಿಗೆ ಮಾತ್ರ ಎರಡು ಗಂಟೆ ಗೈಡ್ ಮಾಡಿಕೊಳ್ಳಬಹುದಾ ಅಂತ ಕೇಳಿ ನೋಡಿ.

ಖರ್ಚು ಎಷ್ಟಾಗಬಹುದು?

ಅರ್ಧ ದಿನಕ್ಕೆ ಕೆಲವು ನೂರು ಯೂರೋ ಅಂತ ಅಂದಾಜು ಇಟ್ಟುಕೊಳ್ಳಿ. ಪರವಾನಗಿಯ ಗೈಡ್ ಸೇರಿದರೆ ಇನ್ನೂ ಜಾಸ್ತಿ. ಬೆಲೆ ತಲೆಗೆ ಇಷ್ಟು ಅಂತಲೋ, ಗಾಡಿಗೆ ಇಷ್ಟು ಅಂತಲೋ ಮೊದಲು ನೋಡಿ. ಖಾಸಗಿ ಟೂರುಗಳಲ್ಲಿ ಹೆಚ್ಚಾಗಿ ಗಾಡಿ ಲೆಕ್ಕ. ಇಬ್ಬರೇ ಹೋದರೆ ದುಬಾರಿ ಅನ್ನಿಸುತ್ತದೆ, ಆರು ಜನ ಹಂಚಿಕೊಂಡರೆ ಗುಂಪು ಟೂರಿಗಿಂತ ಬಹಳ ವ್ಯತ್ಯಾಸ ಬರುವುದಿಲ್ಲ.

ಪ್ರವೇಶದ ಟಿಕೆಟ್, ಊಟ, ವೈನ್ ರುಚಿ ನೋಡುವ ಶುಲ್ಕ ಸಾಮಾನ್ಯವಾಗಿ ಇದರಲ್ಲಿ ಸೇರಿರುವುದಿಲ್ಲ. ಹೋಟೆಲಿನಲ್ಲಿ ರೂಮಿನ ಬಾಡಿಗೆಯ ಮೇಲೆ ಸರ್ಕಾರದ ಹವಾಮಾನ ಶುಲ್ಕ ಬೇರೆ ಇದೆ. ಹೋಟೆಲಿನ ದರ್ಜೆ ಏರಿದಷ್ಟೂ ಅದೂ ಏರುತ್ತದೆ. ಟಿಪ್ಸ್ ಕಡ್ಡಾಯವಲ್ಲ. ಮನಸ್ಸಿಗೆ ಹಿಡಿಸಿದರೆ ಕೊಡಿ.

ಎಷ್ಟು ಗಂಟೆಯ ಟೂರ್ ಒಳ್ಳೆಯದು? ಬೆಳಗ್ಗೆಯೋ, ಮಧ್ಯಾಹ್ನವೋ?

ನಾಲ್ಕರಿಂದ ಆರು ಗಂಟೆಯ ಟೂರುಗಳೇ ಜಾಸ್ತಿ. ಹೆಚ್ಚಿನವರು ಆರಿಸಿಕೊಳ್ಳುವುದು ಮಧ್ಯಾಹ್ನ ಹೊರಟು ಸೂರ್ಯಾಸ್ತಕ್ಕೆ ಮುಗಿಯುವ ಟೂರ್. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಒಂದು ಜಾಗದಲ್ಲಿ ಇರಲೇಬೇಕು ಅನ್ನುವ ಧಾವಂತದಲ್ಲಿ ಉಳಿದದ್ದೆಲ್ಲ ಹತ್ತು ಹತ್ತು ನಿಮಿಷದ ನಿಲುಗಡೆ ಆಗಿಬಿಡುತ್ತದೆ.

ಬೆಳಗ್ಗೆ ಅಕ್ರೋತಿರಿ ತೆರೆಯುವ ಹೊತ್ತಿಗೆ ಅಲ್ಲಿರಿ. ಅಲ್ಲಿಂದ ಮೆಗಾಲೊಖೋರಿ, ಪಿರ್ಗೋಸ್ ಅಥವಾ ಎಂಬೊರಿಯೊ, ಈ ಮೂರರಲ್ಲಿ ಒಂದೋ ಎರಡೋ ಹಳ್ಳಿ. ನಂತರ ಪ್ರೊಫಿತಿಸ್ ಇಲಿಯಾಸ್ ಬೆಟ್ಟದ ತುದಿ. ದ್ವೀಪದ ಅತಿ ಎತ್ತರದ ಜಾಗ ಅದು, ಸುಮಾರು 565 ಮೀಟರ್. ಮೇಲಿನವರೆಗೂ ರಸ್ತೆ ಇದೆ, 1711ರಲ್ಲಿ ಕಟ್ಟಿದ ಮಠವೂ ಇದೆ. ಅಲ್ಲಿಂದ ಇಡೀ ದ್ವೀಪದ ಆಕಾರ ಒಂದೇ ನೋಟಕ್ಕೆ ಸಿಗುತ್ತದೆ. ಮಧ್ಯಾಹ್ನ ಊಟ ಮಾಡಿ ರೂಮಿಗೆ ಹೋಗಿ ಮಲಗಿ. ಸೂರ್ಯಾಸ್ತವನ್ನು ಸಂಜೆ ನಿಮ್ಮ ಪಾಡಿಗೆ ನೀವು ನೋಡಿಕೊಳ್ಳಿ. ಅದಕ್ಕೆ ಯಾವ ಗೈಡೂ ಬೇಕಿಲ್ಲ.

ಅಕ್ರೋತಿರಿಯ ರಜಾದಿನ ಮತ್ತು ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ. ನಿಮ್ಮ ದಿನ ತೆರೆದಿರುತ್ತದಾ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ.

ಅಕ್ರೋತಿರಿ ಅಷ್ಟು ಮುಖ್ಯವಾ? ಹಳೇ ಗೋಡೆಗಳು ತಾನೇ?

ಮಕ್ಕಳಿಗೆ ಬೋರಾಗುತ್ತದೆ ಅಂತ ಇದನ್ನು ಬಿಟ್ಟುಬಿಡುವವರು ಬಹಳ. ದಯವಿಟ್ಟು ಬಿಡಬೇಡಿ.

ಅಕ್ರೋತಿರಿ ಕಂಚಿನ ಯುಗದ ಒಂದು ಬಂದರು ಪಟ್ಟಣ. ಆ ಸ್ಫೋಟದ ಬೂದಿ ಅದರ ಮೇಲೆ ಮೀಟರುಗಟ್ಟಲೆ ಬಿದ್ದು, ಮುಚ್ಚಿ, ಹಾಗೇ ಕಾಪಾಡಿತು. 1967ರಲ್ಲಿ ಸ್ಪಿರಿಡಾನ್ ಮರಿನಾತೋಸ್ ಅನ್ನುವ ಪುರಾತತ್ವಜ್ಞರು ಇಲ್ಲಿ ವ್ಯವಸ್ಥಿತವಾಗಿ ಅಗೆಯಲು ಶುರು ಮಾಡಿದರು. 1974ರಲ್ಲಿ ಅದೇ ಜಾಗದಲ್ಲಿ ತೀರಿಕೊಂಡರು. ಇವತ್ತಿಗೂ ಹೊರಬಂದಿರುವುದು ಪಟ್ಟಣದ ಸಣ್ಣ ಭಾಗ ಮಾತ್ರ.

ಒಳಗೆ ಹೋದರೆ ನೀವು ನಡೆಯುವುದು ನಿಜವಾದ ಬೀದಿಗಳ ಪಕ್ಕದಲ್ಲಿ. ಎರಡು, ಮೂರು ಅಂತಸ್ತಿನ ಮನೆಗಳು. ಕಿಟಕಿ, ಬಾಗಿಲಿನ ಚೌಕಟ್ಟು ಇದ್ದ ಜಾಗ, ಭೂಕಂಪಕ್ಕೆ ನಡುವೆ ಮುರಿದ ಕಲ್ಲಿನ ಮೆಟ್ಟಿಲು. ನೆಲಮಹಡಿಯಲ್ಲಿ ಎಣ್ಣೆ, ಕಾಳು ತುಂಬಿಡುತ್ತಿದ್ದ ದೊಡ್ಡ ದೊಡ್ಡ ಮಣ್ಣಿನ ವಾಡೆಗಳು ಇಟ್ಟಲ್ಲೇ ಇವೆ. ಬೀದಿಯ ಕಲ್ಲುಹಾಸಿನ ಕೆಳಗೆ ಚರಂಡಿ. 'ಪಶ್ಚಿಮದ ಮನೆ' ಅಂತ ಹೆಸರಿಟ್ಟಿರುವ ಮನೆಯ ಮೇಲಿನ ಮಹಡಿಯಲ್ಲಿ ಒಂದು ಶೌಚಾಲಯ ಇತ್ತು. ಅದರ ಮಣ್ಣಿನ ಕೊಳವೆ ಗೋಡೆಯ ಒಳಗಿಂದ ಇಳಿದು ಬೀದಿಯ ಚರಂಡಿಗೆ ಸೇರುತ್ತದೆ. ಮೂರೂವರೆ ಸಾವಿರ ವರ್ಷದ ಹಿಂದಿನ ಮಾತು ಇದು. ಬೋರಾಗುತ್ತದೆ ಅಂದುಕೊಂಡ ಮಕ್ಕಳು ಇಲ್ಲಿ ಕಣ್ಣರಳಿಸುತ್ತಾರೆ.

ನನಗೆ ಅತಿ ಇಷ್ಟವಾದದ್ದು ಮಂಚಗಳು. ಮರ ಕೊಳೆತುಹೋಗಿ ಬೂದಿಯೊಳಗೆ ಅದರ ಆಕಾರದ ಟೊಳ್ಳು ಉಳಿದಿತ್ತು. ಅಗೆಯುವವರು ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬೂದಿ ಬಿಡಿಸಿದರು. ಮಂಚ ಎದ್ದು ಬಂತು. ಮಂಚಗಳು ಸಿಕ್ಕಿದ್ದು ಮನೆಯ ಹೊರಗೆ, ಒಂದರ ಮೇಲೊಂದು ಪೇರಿಸಿದ ಹಾಗೆ. ಮೊದಲು ಭೂಕಂಪ ಆಗಿದೆ. ಜನ ಹೊರಗೆ ಬಂದಿದ್ದಾರೆ. ಬಿದ್ದ ಗೋಡೆಯ ಕಲ್ಲುಗಳನ್ನು ಗುಡ್ಡೆ ಹಾಕಿ, ಸಾಮಾನು ಹೊರಗೆ ತಂದು, ರಿಪೇರಿ ಶುರು ಮಾಡಿದ್ದಾರೆ. ಅಷ್ಟರಲ್ಲಿ ಜ್ವಾಲಾಮುಖಿ ಸಿಡಿಯುವ ಸೂಚನೆ ಸಿಕ್ಕಿ ಊರು ಬಿಟ್ಟಿದ್ದಾರೆ. ಇಟಲಿಯ ಪೊಂಪೇಯಲ್ಲಿ ಸಿಕ್ಕ ಹಾಗೆ ಈ ಬೀದಿಗಳಲ್ಲಿ ಸತ್ತವರ ದೇಹಗಳು ಸಿಕ್ಕಿಲ್ಲ. ಒಡವೆ, ಬೆಲೆಬಾಳುವ ವಸ್ತುಗಳೂ ಹೆಚ್ಚು ಸಿಕ್ಕಿಲ್ಲ. ತೆಗೆದುಕೊಂಡೇ ಹೋಗಿದ್ದಾರೆ ಅಲ್ವಾ? ಇದನ್ನು ಒಬ್ಬ ಒಳ್ಳೆಯ ಗೈಡ್ ಆ ಕಲ್ಲಿನ ಗುಡ್ಡೆಯ ಮುಂದೆಯೇ ನಿಲ್ಲಿಸಿ ಹೇಳಬೇಕು. ಫಲಕ ಓದಿಕೊಂಡು ಹೋದರೆ ಅದು ಬರೀ ಕಲ್ಲಿನ ಗುಡ್ಡೆ.

ಇಡೀ ಜಾಗಕ್ಕೆ ಚಾವಣಿ ಇದೆ. ಬಿಸಿಲು ಬೀಳುವುದಿಲ್ಲ. 2005ರಲ್ಲಿ ಅಲ್ಲಿನ ಚಾವಣಿಯ ಒಂದು ಭಾಗ ಕುಸಿದು ಒಬ್ಬ ಪ್ರವಾಸಿ ಸತ್ತರು. ಜಾಗವನ್ನು ಮುಚ್ಚಿ, ಸರಿಪಡಿಸಿ, 2012ರಲ್ಲಿ ಮತ್ತೆ ತೆರೆದರು.

ಅಕ್ರೋತಿರಿಯ ಮನೆಗಳ ಗೋಡೆ ಚಿತ್ರಗಳು ಅಲ್ಲೇ ಇವೆಯಾ?

ಇಲ್ಲ, ತೆಗೆದಿದ್ದಾರೆ. ಕೆಲವು ಫಿರಾದ ಪ್ರಾಗೈತಿಹಾಸಿಕ ಥೆರಾ ಮ್ಯೂಸಿಯಂನಲ್ಲಿವೆ (ಥೆರಾ ಅಂದರೆ ಸ್ಯಾಂಟೊರಿನಿಯ ಹಳೇ ಹೆಸರು), ಕೆಲವು ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ. ಫಿರಾದಲ್ಲಿ ಬಂಡೆ ಹತ್ತುವ ನೀಲಿ ಕೋತಿಗಳ ಚಿತ್ರ ನೋಡಿ. 1999ರಲ್ಲಿ ಸಿಕ್ಕ ಪುಟ್ಟ ಚಿನ್ನದ ಆಡೂ ಅಲ್ಲೇ ಇದೆ. ಅಥೆನ್ಸಿನಲ್ಲಿ ಅರ್ಧ ದಿನ ಇದ್ದರೆ 'ವಸಂತ' ಅನ್ನುವ ಚಿತ್ರ ನೋಡದೆ ಬರಬೇಡಿ. ಕೆಂಪು ಬಂಡೆ, ಲಿಲ್ಲಿ ಹೂ, ಜೋಡಿ ಹಕ್ಕಿಗಳು.

ಸಾಧ್ಯವಾದರೆ ಮೊದಲು ಅಕ್ರೋತಿರಿ, ಆಮೇಲೆ ಮ್ಯೂಸಿಯಂ.

ಈಯಾ ಊರಿನ ಸೂರ್ಯಾಸ್ತ ನೋಡಲೇಬೇಕಾ?

ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹಳೇ ಕೋಟೆಯ ಹತ್ತಿರ ಗಂಟೆಗಟ್ಟಲೆ ಮೊದಲೇ ಜಾಗ ಹಿಡಿದು, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತು, ಮುಂದಿನವರ ಫೋನಿನ ಪರದೆಯಲ್ಲಿ ಸೂರ್ಯನನ್ನು ನೋಡಬೇಕಾಗುತ್ತದೆ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಬಸ್ಸು, ಗಾಡಿ, ಎಲ್ಲಕ್ಕೂ ಕಾಯಬೇಕು.

ಅದೇ ಸೂರ್ಯ ಬೇರೆ ಕಡೆಯೂ ಮುಳುಗುತ್ತಾನೆ. ನೈಋತ್ಯ ತುದಿಯಲ್ಲಿ 1892ರಲ್ಲಿ ಕಟ್ಟಿದ ಅಕ್ರೋತಿರಿ ದೀಪಸ್ತಂಭ ಇದೆ, ಬಂಡೆಗಳ ಮೇಲೆ ಕೂತು ನೋಡಬಹುದು. ಪಿರ್ಗೋಸ್ ಊರಿನ ಕೋಟೆಯ ಮೇಲಿನಿಂದ, ಇಮೆರೊವಿಗ್ಲಿಯ ಕಾಲುದಾರಿಯಿಂದಲೂ ಕಾಣುತ್ತದೆ. ವಯಸ್ಸಾದವರು ಜೊತೆಗಿದ್ದರೆ ಈಯಾ ಸೂರ್ಯಾಸ್ತ ಬೇಡ ಅಂತಲೇ ನಾನು ಹೇಳುವುದು. ಈಯಾಗೆ ಬೆಳಗ್ಗೆ ಎಂಟಕ್ಕೆ ಹೋಗಿ. ಓಣಿಗಳು ಖಾಲಿ ಇರುತ್ತವೆ, ಬಿಸಿಲು ಹಿತವಾಗಿರುತ್ತದೆ.

ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ. ಊಟದ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ನೀಲಿ ಗುಮ್ಮಟದ ಫೋಟೊ ಎಲ್ಲಿ ತೆಗೆಯೋದು?

ಈಯಾದಲ್ಲಿ, ಅನಾಸ್ತಾಸಿ ಮತ್ತು ಆಯಿಯೊಸ್ ಸ್ಪಿರಿಡಾನ್ ಚರ್ಚುಗಳು ಇರುವ ಕಡೆ. ಮುಖ್ಯ ಓಣಿಯಿಂದ ಪಕ್ಕಕ್ಕೆ ಸ್ವಲ್ಪ ಇಳಿಯಬೇಕು. ಡ್ರೈವರನ್ನೇ ಕೇಳಿ, ದಿನಾ ತೋರಿಸುತ್ತಾರೆ. ಯಾರದೋ ಮನೆಯ ಚಾವಣಿ, ಗೋಡೆ ಹತ್ತಬೇಡಿ. ಅಲ್ಲಿ ಜನ ವಾಸ ಮಾಡುತ್ತಾರೆ. ಚರ್ಚಿನ ಒಳಗೆ ಹೋಗುವುದಾದರೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಒಂದು ದುಪಟ್ಟಾ ಬ್ಯಾಗಿನಲ್ಲಿದ್ದರೆ ಸಾಕು.

ಅಪ್ಪ ಅಮ್ಮನಿಗೆ ಮಂಡಿನೋವು. ಕರೆದುಕೊಂಡು ಹೋಗಬಹುದಾ?

ಖಂಡಿತ ಹೋಗಬಹುದು. ಖಾಸಗಿ ಟೂರಿನ ನಿಜವಾದ ಲಾಭ ಆಗುವುದೇ ಇವರಿಗೆ. ಗುಂಪಿನ ಓಟಕ್ಕೆ ಹೆಜ್ಜೆ ಹಾಕಬೇಕಿಲ್ಲ, ಬೇಕಾದಾಗ ಕೂರಬಹುದು.

ಈ ದ್ವೀಪದಲ್ಲಿ ಮೆಟ್ಟಿಲು ಬಹಳ. ಗೈಡಿಗೆ ಮೊದಲೇ ಬರೆಯಿರಿ, 'ಎಪ್ಪತ್ತು ದಾಟಿದವರು ಇದ್ದಾರೆ, ಒಂದೇ ಸಲಕ್ಕೆ ಇಪ್ಪತ್ತು ಮೆಟ್ಟಿಲಿಗಿಂತ ಜಾಸ್ತಿ ಆಗುವುದಿಲ್ಲ' ಅಂತ ಸ್ಪಷ್ಟವಾಗಿ. ಸುಮ್ನೆ 'ಹಿರಿಯರಿದ್ದಾರೆ' ಅಂದರೆ ಅವರಿಗೆ ಅಂದಾಜು ಸಿಗುವುದಿಲ್ಲ.

ಅಕ್ರೋತಿರಿ ಸುಲಭ. ನಡೆಯುವ ದಾರಿ ಹಾಕಿದ್ದಾರೆ, ಇಳಿಜಾರುಗಳಿವೆ, ನೆರಳಿದೆ. ಪ್ರೊಫಿತಿಸ್ ಇಲಿಯಾಸ್ ತುದಿಗೆ ಗಾಡಿಯೇ ಹೋಗುತ್ತದೆ. ಮೆಗಾಲೊಖೋರಿಯ ಚೌಕದಲ್ಲಿ ಮರದ ಕೆಳಗೆ ಕೂತು ಕಾಫಿ ಕುಡಿಯಬಹುದು. ಈಯಾದ ಮುಖ್ಯ ಓಣಿ ಬಹುಪಾಲು ಸಮತಟ್ಟು, ಆದರೆ ಕಲ್ಲುಹಾಸು ನುಣುಪಾಗಿದೆ, ಜಾರದ ಚಪ್ಪಲಿ ಬೇಕು. ಪಿರ್ಗೋಸ್ ಕೋಟೆಯ ಮೇಲಕ್ಕೆ ಹತ್ತುವುದು ಕಷ್ಟ, ಕೆಳಗಿನ ಚೌಕದಲ್ಲೇ ಕೂರಿಸಿ. ಮೆಸಾ ವುನೊ ಬೆಟ್ಟದ ಮೇಲಿರುವ ಪ್ರಾಚೀನ ಥೆರಾ ಪಟ್ಟಣದ ಅವಶೇಷ ಬೇಡ. ಕಡಿದಾದ ದಾರಿ, ನೆರಳಿಲ್ಲ, ಗಾಳಿ ಜೋರು. ಕಾಲಲ್ಲಿ ಶಕ್ತಿ ಇರುವವರಿಗೆ ಮಾತ್ರ ಅದು ಸೊಗಸು.

ಕತ್ತೆ ಸವಾರಿ?

ಬೇಡ. ಫಿರಾದ ಹಳೇ ಬಂದರಿನಿಂದ ಮೇಲಕ್ಕೆ ಐನೂರ ಎಂಬತ್ತಕ್ಕೂ ಹೆಚ್ಚು ಮೆಟ್ಟಿಲು. ಬಿಸಿಲಲ್ಲಿ ಜನರನ್ನು ಹೊತ್ತು ಹತ್ತಿ ಇಳಿದು ಪ್ರಾಣಿಗಳು ಗಾಯ ಮಾಡಿಕೊಳ್ಳುತ್ತಿದ್ದವು. 2018ರಲ್ಲಿ ಗ್ರೀಸ್ ಸರ್ಕಾರ, 100 ಕಿಲೋ ಅಥವಾ ಪ್ರಾಣಿಯ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೇರಬಾರದು ಅಂತ ನಿಯಮ ತಂದಿತು. ಕೇಬಲ್ ಕಾರ್ ಇದೆ, ಅದರಲ್ಲಿ ಹೋಗಿ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

ಯೂರೋಪಿನ ಬಹಳ ಕಡೆಗಿಂತ ಇಲ್ಲಿ ನಿಮ್ಮ ಪಾಡು ಚೆನ್ನಾಗಿರುತ್ತದೆ. ಬ್ರೆಡ್ಡು ಜ್ಯಾಮಿನಲ್ಲಿ ದಿನ ಕಳೆಯಬೇಕಿಲ್ಲ.

ಮೊದಲು ಕೇಳಬೇಕಾದದ್ದು ಫಾವಾ. ಇದು ದ್ವೀಪದಲ್ಲೇ ಬೆಳೆಯುವ ಒಂದು ಹಳದಿ ಬೇಳೆ, ನಮ್ಮ ಕೇಸರಿ ಬೇಳೆಯ ಕುಲದ್ದೇ. ಬೇಯಿಸಿ, ನುಣ್ಣಗೆ ಮಸೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ, ಕೇಪರ್ ಅನ್ನುವ ಉಪ್ಪಿನಲ್ಲಿಟ್ಟ ಪುಟ್ಟ ಮೊಗ್ಗು ಹಾಕಿ ಕೊಡುತ್ತಾರೆ. ಗಟ್ಟಿ ತೊವ್ವೆ ತಿಂದ ಹಾಗಿರುತ್ತದೆ, ಒಗ್ಗರಣೆ ಒಂದಿಲ್ಲ ಅಷ್ಟೇ. ಅಕ್ರೋತಿರಿಯ ಮನೆಗಳಲ್ಲೂ ಇದೇ ಕಾಳು ಸಿಕ್ಕಿದೆ ಅಂದರೆ ಎಷ್ಟು ಹಳೆಯ ಬೆಳೆ ನೋಡಿ.

ತೊಮಾತೊಕೆಫ್ತೆದೆಸ್ ಅಂತ ಟೊಮ್ಯಾಟೊ ವಡೆ ಸಿಗುತ್ತದೆ. ನೀರಿಲ್ಲದ ನೆಲದಲ್ಲಿ ಬೆಳೆಯುವ ಚಿಕ್ಕ ಟೊಮ್ಯಾಟೊ, ರುಚಿ ಗಾಢ. ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ. ಬಿಳಿ ಬದನೆಕಾಯಿ ಇಲ್ಲಿನ ವಿಶೇಷ. ಇನ್ನು ಗ್ರೀಸಿನ ಎಲ್ಲ ಕಡೆ ಸಿಗುವ ಪಾಲಕ್ ಪೈ, ಅನ್ನ ತುಂಬಿದ ಟೊಮ್ಯಾಟೊ, ದೊಡ್ಡ ಬಿಳಿ ಬೀನ್ಸ್ ಕಾಳಿನ ಸಾರು, ಗಟ್ಟಿ ಮೊಸರು ಹೇಗೂ ಇವೆ. ಅನ್ನ ತುಂಬಿದ ಟೊಮ್ಯಾಟೊದಲ್ಲಿ ಕೆಲವೊಮ್ಮೆ ಖೀಮಾ ಸೇರಿಸಿರುತ್ತಾರೆ.

ಕೇಳುವಾಗ ಒಂದು ಮಾತು ನೆನಪಿಟ್ಟುಕೊಳ್ಳಿ: ನಿಸ್ತಿಸಿಮೊ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ತಿನ್ನುವ ಅಡುಗೆ ಅದು. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ನಡೆಯುತ್ತದೆ! ಹಾಗಾಗಿ 'ಸಮುದ್ರದ್ದೂ ಬೇಡ' ಅಂತ ಸೇರಿಸಿ. ಗೈಡ್ ಇದ್ದಾಗ ಇದೆಲ್ಲ ಅವರೇ ಗ್ರೀಕಿನಲ್ಲಿ ಅಡುಗೆಮನೆಗೆ ಹೇಳಿಬಿಡುತ್ತಾರೆ, ನೆಮ್ಮದಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಕಷ್ಟ. ಅಡುಗೆಮನೆ ಇರುವ ರೂಮು ಹಿಡಿದು, ಒಂದು ಚಿಕ್ಕ ಕುಕ್ಕರ್ ಒಯ್ಯುವುದೇ ವಾಸಿ.

ನಾವು ಕುಡಿಯುವುದಿಲ್ಲ. ದ್ರಾಕ್ಷಿ ತೋಟದ ನಿಲುಗಡೆ ತೆಗೆಸಿಬಿಡಲಾ?

ರುಚಿ ನೋಡುವುದನ್ನು ತೆಗೆಸಿ, ತೋಟವನ್ನು ಬಿಡಬೇಡಿ. ಬಳ್ಳಿ ಎಲ್ಲಿದೆ ಅಂತ ಮೊದಲು ಗೊತ್ತೇ ಆಗುವುದಿಲ್ಲ. ಚಪ್ಪರ ಇಲ್ಲ, ಕಂಬ ಇಲ್ಲ. ಬಳ್ಳಿಯನ್ನು ನೆಲಕ್ಕೆ ಒತ್ತಿ, ಸುತ್ತಿ ಸುತ್ತಿ ಬುಟ್ಟಿಯ ಹಾಗೆ ಹೆಣೆದಿರುತ್ತಾರೆ. ಕುಲೂರಾ ಅಂತಾರೆ. ದ್ರಾಕ್ಷಿ ಗೊನೆ ಆ ಬುಟ್ಟಿಯ ಒಳಗೆ ಬೆಳೆಯುತ್ತದೆ. ಹೊರಗೆ ಮರಳು ಎರಚುವ ಗಾಳಿ, ಸುಡುವ ಬಿಸಿಲು, ಎರಡರಿಂದಲೂ ರಕ್ಷಣೆ. ಬೇಸಿಗೆಯಲ್ಲಿ ಮಳೆಯೇ ಇಲ್ಲ. ರಾತ್ರಿ ಸಮುದ್ರದಿಂದ ಬರುವ ತೇವವನ್ನು ಜ್ವಾಲಾಮುಖಿಯ ಸರಂಧ್ರ ಮಣ್ಣು ಹೀರಿಟ್ಟುಕೊಳ್ಳುತ್ತದೆ. ಬಳ್ಳಿ ಮುದಿಯಾದಾಗ ಮೇಲಿನ ಬುಟ್ಟಿ ಕತ್ತರಿಸುತ್ತಾರೆ, ಹಳೇ ಬೇರಿನಿಂದಲೇ ಹೊಸದು ಚಿಗುರುತ್ತದೆ. 19ನೇ ಶತಮಾನದಲ್ಲಿ ಯೂರೋಪಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿದ ಫಿಲಾಕ್ಸೆರಾ ಕೀಟ ಈ ಮಣ್ಣಿನಲ್ಲಿ ಬದುಕಲಿಲ್ಲ. ಹಾಗಾಗಿ ಇಲ್ಲಿನ ಬೇರುಗಳು ಬಹಳ ಹಳೆಯವು. ಅಸಿರ್ತಿಕೊ ಅನ್ನುವ ಬಿಳಿ ದ್ರಾಕ್ಷಿ ಮುಖ್ಯ ತಳಿ.

ಬೇಸಾಯದ ಮನೆಯಿಂದ ಬಂದ ಹಿರಿಯರಿದ್ದರೆ ಇಲ್ಲಿ ಅರ್ಧ ಗಂಟೆ ಜಾಸ್ತಿ ಇಡಿ. ಅವರು ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಕೆಂಪು ಬೀಚು, ಕಪ್ಪು ಬೀಚು?

ಕೆಂಪು ಬೀಚಿನ ಮೇಲಿನ ಬಂಡೆ ಸಡಿಲ, ಕಲ್ಲು ಉರುಳುತ್ತದೆ, ಎಚ್ಚರಿಕೆ ಫಲಕ ಹಾಕಿದ್ದಾರೆ. ದೂರದಿಂದ ನೋಡಿ ಬನ್ನಿ, ಅಷ್ಟು ಸಾಕು. ನೀರಿಗಿಳಿಯಲು ಕಮಾರಿ, ಪೆರಿಸ್ಸಾದ ಕಪ್ಪು ಬೀಚುಗಳಿವೆ. ಮಧ್ಯಾಹ್ನ ಬರಿಗಾಲಲ್ಲಿ ನಡೆದರೆ ಅಂಗಾಲು ಸುಡುತ್ತದೆ.

ಜ್ವಾಲಾಮುಖಿ ಮತ್ತೆ ಸಿಡಿದರೆ? ಭೂಕಂಪ ಆಗಿತ್ತಲ್ಲ?

2025ರ ಜನವರಿ ಕೊನೆಯಿಂದ ಫೆಬ್ರವರಿಯಲ್ಲಿ ಸ್ಯಾಂಟೊರಿನಿ ಮತ್ತು ಅಮೊರ್ಗೊಸ್ ದ್ವೀಪಗಳ ನಡುವೆ ಸಾವಿರಾರು ಕಂಪನಗಳಾದವು. ಸಾವಿರಾರು ಜನ ದ್ವೀಪ ಬಿಟ್ಟು ಹೋದರು, ಶಾಲೆ ಮುಚ್ಚಿದರು. ದೊಡ್ಡ ಹಾನಿ ಆಗಲಿಲ್ಲ, ಆಮೇಲೆ ಜನ ವಾಪಸ್ ಬಂದರು. 1956ರ ಜುಲೈನಲ್ಲಿ ಮಾತ್ರ ನಿಜವಾಗಿಯೂ ದೊಡ್ಡ ಭೂಕಂಪ ಆಗಿ ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಈಯಾದ ಎಷ್ಟೋ ಮನೆಗಳು ಅದಾದ ಮೇಲೆ ಮತ್ತೆ ಕಟ್ಟಿದವು.

ಕಾಲ್ಡೆರಾದ ನಡುವೆ ಕಾಣುವ ಕಪ್ಪು ದ್ವೀಪ ನೇಆ ಕಮೇನಿ. ಕೊನೆಯ ಸಲ ಸಿಡಿದದ್ದು 1950ರಲ್ಲಿ. ಈಗ ವಿಜ್ಞಾನಿಗಳು ಸದಾ ಅಳತೆ ನೋಡುತ್ತಿರುತ್ತಾರೆ. ಹೊರಡುವ ವಾರ ಸುದ್ದಿ ನೋಡಿ, ಪ್ರಯಾಣ ವಿಮೆ ಮಾಡಿಸಿ. ಆ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಬೆಟ್ಟ ಹತ್ತಬಹುದು. ಅದನ್ನು ಇನ್ನೊಂದು ದಿನ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಎರಡನ್ನೂ ತುರುಕಿದರೆ ಎರಡೂ ಕೆಡುತ್ತವೆ.

ನಾವು ಕ್ರೂಸ್ ಹಡಗಿನಲ್ಲಿ ಬರುತ್ತೇವೆ. ಖಾಸಗಿ ಗೈಡ್ ಎಲ್ಲಿ ಸಿಗುತ್ತಾರೆ?

ಎಲ್ಲಿ ಇಳಿಸುತ್ತಾರೆ ಅಂತ ಹಡಗಿನವರನ್ನು ಮೊದಲು ಕೇಳಿ. ದ್ವೀಪಕ್ಕೆ ಎರಡು ಮುಖ್ಯ ಬಂದರು. ಫೆರ್ರಿಗಳು ಬರುವುದು ಅಥಿನಿಯೋಸಿಗೆ, ಅಲ್ಲಿಗೆ ರಸ್ತೆ ಇದೆ. ಕ್ರೂಸ್ ಹಡಗುಗಳು ಸಾಮಾನ್ಯವಾಗಿ ನಡುನೀರಲ್ಲಿ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ಫಿರಾದ ಹಳೇ ಬಂದರಿಗೆ ಬಿಡುತ್ತವೆ. ಅಲ್ಲಿಗೆ ಗಾಡಿ ಬರುವುದಿಲ್ಲ. ಗೈಡ್ ಕಾಯುವುದು ಮೇಲೆ, ಕೇಬಲ್ ಕಾರ್ ನಿಲ್ದಾಣದ ಹೊರಗೆ.

ವಾಪಸ್ ಹೋಗುವಾಗಿನ ಕ್ಯೂ ಬಗ್ಗೆ ಎಚ್ಚರ. ಹಲವು ಹಡಗು ಒಟ್ಟಿಗೆ ಬಂದ ದಿನ ಗಂಟೆಗಿಂತ ಹೆಚ್ಚು ನಿಲ್ಲಬೇಕಾಗಬಹುದು. 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರವಾಸಿಗಳ ಮಿತಿ ಇಟ್ಟಿದ್ದಾರೆ, ಆದರೂ ಅಷ್ಟು ಜನಕ್ಕೆ ಆ ಕೇಬಲ್ ಕಾರ್ ಚಿಕ್ಕದು. ಹಡಗಿನವರೇ ಏರ್ಪಡಿಸಿದ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವೇ ಮಾಡಿಕೊಂಡ ಖಾಸಗಿ ಟೂರ್ ತಡವಾದರೆ ಕಾಯುವುದಿಲ್ಲ. ಕೊನೆಯ ದೋಣಿಗಿಂತ ಎರಡು ಗಂಟೆ ಮೊದಲೇ ಫಿರಾಕ್ಕೆ ಬಿಡಿ ಅಂತ ಗೈಡಿಗೆ ಹೇಳಿಬಿಡಿ. 2025ರ ಜುಲೈನಿಂದ ಕ್ರೂಸ್ ಪ್ರವಾಸಿಗಳಿಗೆ ಶುಲ್ಕವೂ ಬಂದಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ತಲೆಗೆ 20 ಯೂರೋ.

ಯಾವ ತಿಂಗಳು ಒಳ್ಳೆಯದು?

ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯ. ದಸರಾ ರಜೆಗೆ ಚೆನ್ನಾಗಿ ಹೊಂದುತ್ತದೆ. ಜುಲೈ, ಆಗಸ್ಟ್ ಬೇಡ. ಚಳಿಗಾಲದಲ್ಲಿ ಬಹಳಷ್ಟು ಹೋಟೆಲು, ಅಂಗಡಿ ಮುಚ್ಚಿರುತ್ತವೆ.

ವೀಸಾ?

ಭಾರತದ ಪಾಸ್‌ಪೋರ್ಟಿಗೆ ಶೆಂಗೆನ್ ವೀಸಾ, ಅಂದರೆ ಯೂರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿರುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಿರಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಜರ್ಮನಿ, ನೆದರ್‌ಲ್ಯಾಂಡ್ಸ್ ಮುಂತಾದ ಶೆಂಗೆನ್ ದೇಶದ ವಾಸದ ಪರವಾನಗಿ ಇರುವವರಿಗೆ ಬೇರೆ ವೀಸಾ ಬೇಡ. ಲಂಡನ್ನಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬೇಕು.

ವೀಸಾ ಕೈಗೆ ಬರುವ ಮೊದಲು ಟೂರಿಗೆ ಪೂರ್ತಿ ದುಡ್ಡು ಕಟ್ಟಬೇಡಿ. ರದ್ದು ಮಾಡಿದರೆ ವಾಪಸ್ ಕೊಡುವಂಥದ್ದನ್ನೇ ಹುಡುಕಿ.

ನಾವೇ ಕಾರ್ ಬಾಡಿಗೆಗೆ ತಗೊಂಡರೆ?

ತಗೊಳ್ಳಬಹುದು. ಆರ್‌ಟಿಒದಿಂದ ಅಂತಾರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಂಡು ಹೋಗಿ. ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಅಥಿನಿಯೋಸ್ ಬಂದರಿನ ತಿರುವುಗಳು, ಈಯಾದಲ್ಲಿ ಪಾರ್ಕಿಂಗ್ ಹುಡುಕುವುದು, ಎರಡೂ ತಲೆನೋವು. ನಾಲ್ಕು ಚಕ್ರದ ಬೈಕು ಎಲ್ಲರೂ ಓಡಿಸುತ್ತಾರೆ, ಅಪಘಾತವೂ ಅದರಲ್ಲೇ ಜಾಸ್ತಿ. ಮಕ್ಕಳನ್ನು ಕೂರಿಸಿಕೊಂಡು ಅದನ್ನು ಓಡಿಸಬೇಡಿ.

ಮಕ್ಕಳಿದ್ದರೆ ಏನು ಹೇಳಬೇಕು?

ಎತ್ತರ ಹೇಳಿ. 135 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಗ್ರೀಸಿನಲ್ಲಿ ಚೈಲ್ಡ್ ಸೀಟ್ ಬೇಕು. ಬುಕ್ ಮಾಡುವಾಗಲೇ ಹೇಳಿದರೆ ತಂದಿಡುತ್ತಾರೆ. ತಳ್ಳುಗಾಡಿ ಮೆಟ್ಟಿಲುಗಳಲ್ಲಿ ಹೊರೆ. ಎದೆಗೆ ಕಟ್ಟಿಕೊಳ್ಳುವ ಚೀಲ ತನ್ನಿ.

ಕನ್ನಡದಲ್ಲಿ ಹೇಳುವ ಗೈಡ್ ಇದ್ದಾರಾ?

ಇಂಗ್ಲಿಷಿನಲ್ಲೇ ಕೇಳಬೇಕು. ಇಂಗ್ಲಿಷ್ ಬಾರದ ಹಿರಿಯರಿದ್ದರೆ, ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ ಅಂತ ಗೈಡಿಗೆ ಮೊದಲೇ ಹೇಳಿ. ಮನೆಯವರಲ್ಲಿ ಒಬ್ಬರು ಅಲ್ಲಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋಗಿ. ಖಾಸಗಿ ಟೂರಿನಲ್ಲಿ ಮಾತ್ರ ಇದು ಸಾಧ್ಯ. ಅಮ್ಮ ಏನಾದರೂ ಕೇಳಿದರೆ ಸಂಕೋಚಪಡದೆ ಗೈಡಿಗೆ ದಾಟಿಸಿ.

ನಲ್ಲಿ ನೀರು ಕುಡಿಯಬಹುದಾ?

ಬಾಟಲಿ ನೀರು ತಗೊಳ್ಳಿ. ನಲ್ಲಿಯಲ್ಲಿ ಬರುವುದು ಬಹುಪಾಲು ಸಮುದ್ರದ ನೀರನ್ನು ಸಿಹಿ ಮಾಡಿದ್ದು, ಕುಡಿಯಲು ರುಚಿಯಿರುವುದಿಲ್ಲ. ಶೌಚಾಲಯದಲ್ಲಿ ಕಾಗದವನ್ನು ಕಮೋಡಿಗೆ ಹಾಕದೆ ಪಕ್ಕದ ಡಬ್ಬಿಗೆ ಹಾಕಿ, ಕೊಳವೆಗಳು ಸಣ್ಣವು.

ಗಾಳಿಯಿಂದ ಟೂರ್ ರದ್ದಾಗುತ್ತದಾ?

ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ತೆಮಿ ಗಾಳಿ ಬೀಸುತ್ತದೆ. ಗಾಡಿಯಲ್ಲಿ ಸುತ್ತುವುದಕ್ಕೆ ಅಡ್ಡಿಯಿಲ್ಲ. ದೋಣಿ, ಫೆರ್ರಿ, ಕೆಲವೊಮ್ಮೆ ಕೇಬಲ್ ಕಾರ್ ನಿಲ್ಲುತ್ತವೆ. ಅಥೆನ್ಸಿನ ಪಿರೆಯಸ್ ಬಂದರಿನಿಂದ ವೇಗದ ಫೆರ್ರಿಗೆ ಸುಮಾರು ಐದು ಗಂಟೆ, ದೊಡ್ಡ ಹಡಗಿಗೆ ಏಳೆಂಟು ಗಂಟೆ ಬೇಕು. ಜೋರು ಗಾಳಿಗೆ ಮೊದಲು ನಿಲ್ಲುವುದು ವೇಗದ ಫೆರ್ರಿ. ದ್ವೀಪಕ್ಕೆ ಬಂದ ದಿನವೇ ಟೂರ್ ಇಟ್ಟುಕೊಳ್ಳಬೇಡಿ, ಮರುದಿನ ಬೆಳಗ್ಗೆ ಇಟ್ಟುಕೊಳ್ಳಿ. ಬೆಂಗಳೂರಿಗೆ ವಾಪಸ್ ವಿಮಾನ ಇರುವ ದಿನದ ಹಿಂದಿನ ರಾತ್ರಿ ಅಥೆನ್ಸಿನಲ್ಲೇ ಇರಿ. ಗಾಳಿಗೆ ಫೆರ್ರಿ ತಪ್ಪಿದರೂ ಇನ್ನೊಂದು ಫೆರ್ರಿಗೋ, ನಲವತ್ತೈದು ನಿಮಿಷದ ವಿಮಾನಕ್ಕೋ ಆಗ ಸಮಯ ಸಿಗುತ್ತದೆ.